ಮರೆತರೆ ಮಾತ್ರ ಶಾಂತಿಯೇ?

ವೈಜ್ಞಾನಿಕ ಧಾರಾವಾಹಿ ಎಂದೊಡನೆ ನಿಮ್ಮ ಕಣ್ಣೆದುರು ಆಕಾಶನೌಕೆಗಳೂ ವಿಚಿತ್ರ ಜೀವಿಗಳೂ ಬರಬಹುದು. ಆದರೆ ಒಳ್ಳೆಯ ಧಾರಾವಾಹಿಗಳು ಅನ್ಯಗ್ರಹದ ನೆಪದಲ್ಲಿ ನಮ್ಮ ಭೂಮಿಯ ಪ್ರಶ್ನೆಗಳನ್ನೇ ಎತ್ತುತ್ತವೆ. ಅಂಥ ಪ್ರಶ್ನೆಗಳಲ್ಲಿ ಇದೊಂದು: ನಿನ್ನೆಯ ಶತ್ರುವಿನೊಡನೆ ಬಾಳಬೇಕಾದರೆ ನಮ್ಮ ಪರಂಪರೆಯನ್ನು ಮರೆಯಲೇಬೇಕೆ?

ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿ 1966ರಲ್ಲಿ ಆರಂಭವಾಯಿತು. ಅದರಲ್ಲಿ ಕ್ಲಿಂಗನ್ ಎಂಬ ಯೋಧ ಜನಾಂಗ ಮಾನವರ ವೈರಿ. 1987ರಲ್ಲಿ ಬಂದ ‘ನೆಕ್ಸ್ಟ್ ಜನರೇಷನ್’ ಸರಣಿಯ ವೇಳೆಗೆ ಕಥೆಯೊಳಗಿನ ಕಾಲ ಬದಲಾಗಿದೆ. ವೋರ್ಫ್ ಎಂಬ ಕ್ಲಿಂಗನ್ ಮಾನವರ ನೌಕೆಯಲ್ಲೇ ಅಧಿಕಾರಿ. ನಟ ಮೈಕೆಲ್ ಡಾರ್ನ್ ನಿರ್ವಹಿಸಿದ ಪಾತ್ರವಿದು. ರೊಮ್ಯುಲನ್ ಎಂಬ ಇನ್ನೊಂದು ಜನಾಂಗದ ದಾಳಿಯಲ್ಲಿ ವೋರ್ಫ್ ಬಾಲ್ಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡ. ಅವನನ್ನು ಸಾಕಿ ಬೆಳೆಸಿದವರು ಮಾನವ ದಂಪತಿಗಳು. ಮಾನವರು ಅವನಿಗೆ ಬಂಧುಗಳಾದರು; ರೊಮ್ಯುಲನ್ನರು ಮಾತ್ರ ಶತ್ರುಗಳಾಗಿಯೇ ಉಳಿದರು.

1993ರಲ್ಲಿ ಎರಡು ಕಂತುಗಳಾಗಿ ಪ್ರಸಾರವಾದ ‘ಬರ್ತ್‌ರೈಟ್’ ಈ ಹಗೆಯನ್ನೇ ಪರೀಕ್ಷೆಗೆ ಒಡ್ಡುತ್ತದೆ. ತಂದೆ ಬದುಕಿರಬಹುದೆಂಬ ಸುದ್ದಿ ಕೇಳಿ ವೋರ್ಫ್ ದೂರದ ಗ್ರಹವೊಂದಕ್ಕೆ ಹೋಗುತ್ತಾನೆ. ಅಲ್ಲಿ ತಂದೆ ಇಲ್ಲ. ಆದರೆ ಆ ದಾಳಿಯಲ್ಲಿ ಸೆರೆಸಿಕ್ಕ ಕ್ಲಿಂಗನ್ನರು ರೊಮ್ಯುಲನ್ನರೊಡನೆ ನೆಮ್ಮದಿಯಾಗಿ ಬಾಳುತ್ತಿದ್ದಾರೆ! ಸೆರೆಸಿಕ್ಕವನು ಹಿಂತಿರುಗಿದರೆ ಮನೆತನಕ್ಕೇ ಕಳಂಕವೆಂಬುದು ಕ್ಲಿಂಗನ್ನರ ನಂಬಿಕೆ. ಹೀಗೆ ದಿಕ್ಕಿಲ್ಲದವರಾದ ಅವರಿಗಾಗಿ ಟೊಕಾತ್ ಎಂಬ ರೊಮ್ಯುಲನ್ ಅಧಿಕಾರಿ ತನ್ನ ಸೇನಾಜೀವನವನ್ನೇ ತೊರೆದು, ಕ್ಲಿಂಗನ್ ಹೆಣ್ಣನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದಾನೆ.

ಇದು ಮೆಚ್ಚತಕ್ಕ ಶಾಂತಿಯಲ್ಲವೆ? ಹೌದು. ಆದರೆ ಅದಕ್ಕೆ ತೆತ್ತ ಬೆಲೆಯನ್ನೂ ಗಮನಿಸಿ. ಮಕ್ಕಳಿಗೆ ಹಿರಿಯರು ನಿಜವನ್ನು ಹೇಳಿಲ್ಲ. ಅವರಿಗೆ ತಮ್ಮ ಜನಾಂಗದ ಕಥೆಗಳು ತಿಳಿಯವು. ಯೋಧನ ಈಟಿ ತೋಟದ ಸಲಕರಣೆಯಾಗಿದೆ. ವೋರ್ಫ್ ಅವರಿಗೆ ಕಥೆ, ಆಚರಣೆ, ಬೇಟೆಗಳನ್ನು ಕಲಿಸುತ್ತಾನೆ. ಇದರಿಂದ ಶಾಂತಿ ಕೆಡುವುದೆಂದು ಹೆದರಿದ ಟೊಕಾತ್ ಅವನಿಗೆ ಮರಣದಂಡನೆ ವಿಧಿಸುತ್ತಾನೆ. ಆಗ ತರುಣರು ವೋರ್ಫ್‌ನ ಪಕ್ಕದಲ್ಲಿ ಬಂದು ನಿಲ್ಲುತ್ತಾರೆ. ಕೊನೆಗೆ ಟೊಕಾತ್ ಅವರನ್ನು ಹೋಗಗೊಡಬೇಕಾಗುತ್ತದೆ.

ಹಾಗಾದರೆ ವೋರ್ಫ್ ಗೆದ್ದನೆ? ಟೊಕಾತ್‌ನ ಮಗಳು ಬಾಯೆಲ್‌ಳನ್ನು ನೋಡಿ. ಅವಳ ಚೂಪು ಕಿವಿಯನ್ನು ಕಂಡೊಡನೆ, ಅವಳಿಗೆ ಮನಸೋತಿದ್ದ ವೋರ್ಫ್‌ನೇ ಹಿಮ್ಮೆಟ್ಟಿದ್ದ. ಆಮೇಲೆ ಅವನ ಮನಸ್ಸು ಬದಲಾದರೂ, ಹೊರಗಿನ ಕ್ಲಿಂಗನ್ನರು ಅವಳ ಮಿಶ್ರರಕ್ತವನ್ನು ಒಪ್ಪುವುದಿಲ್ಲ. ಅವಳು ಅಲ್ಲೇ ಉಳಿಯುತ್ತಾಳೆ.

ಟೊಕಾತ್ ಶಾಂತಿಯನ್ನು ಉಳಿಸಲು ನೆನಪನ್ನು ಮುಚ್ಚಿಟ್ಟ. ವೋರ್ಫ್ ನೆನಪನ್ನು ಮರಳಿ ಕೊಟ್ಟ. ಆದರೆ ಅದರೊಡನೆ ಹಳೆಯ ದ್ವೇಷವೂ ಬಂತು. ಹಾಡು, ಕಥೆ, ಆಚರಣೆಗಳು ಪರಂಪರೆ. ಹಗೆಯೂ ಅದರಲ್ಲಿ ಸೇರಲೇಬೇಕೆ? ಎರಡನ್ನೂ ಬೇರ್ಪಡಿಸುವ ಕೆಲಸ ಹೊಸ ತಲೆಮಾರಿನದು. ಹಿರಿಯರಿಂದ ನೀವು ಯಾವುದನ್ನು ಪಡೆಯುವಿರಿ, ಯಾವುದನ್ನು ಬಿಡುವಿರಿ? ತರಗತಿಯಲ್ಲಿ ಚರ್ಚಿಸಿ.