ಕಿಣತ್ತುಕಡವಿನ ಜಾಣ ಮಕ್ಕಳನ್ನು ಆರಿಸುವವರು ಯಾರು?

ಕೊಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವ ದಾರಿಯಲ್ಲಿ, ವೇಲಾಯುಧಸ್ವಾಮಿಯ ಪೊನ್ಮಲೆಯ ಬುಡದಲ್ಲಿ ಕಿಣತ್ತುಕಡವು ಇದೆ. ಆ ಊರಿಗೂ ನಮಗೂ ಏನು ಸಂಬಂಧವೆಂದು ಓದುಗ ಬಾಂಧವರು ಕೇಳಬಹುದು. 1956ರ ನವೆಂಬರ್ 1ರಂದು ನಮ್ಮನ್ನು ದಕ್ಷಿಣ ಕನ್ನಡದಿಂದ ಕಡಿದು ಕೇರಳಕ್ಕೆ ಸೇರಿಸಿದರಷ್ಟೆ. ಅದೇ ದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವನ್ನು ಮೈಸೂರಿಗೆ ಸೇರಿಸಿದರು. ಕೊಳ್ಳೇಗಾಲ ಹೋಯಿತು, ಜಿಲ್ಲೆಯ ಉಳಿದ ಕಡೆಗಳ ಕನ್ನಡ ಮನೆಗಳು, ಮಗ್ಗದ ದೇವಾಂಗರು, ಬೇಸಾಯದ ಒಕ್ಕಲಿಗರು, ಅಲ್ಲಿಯೇ ಉಳಿದರು. ಅವರಿಗೆ ಒಲೆಯ ಮುಂದೆ ಕನ್ನಡ, ಸ್ಲೇಟಿನ ಮೇಲೆ ತಮಿಳು.

ಇಂಥ ಮನೆಯ ಒಬ್ಬ ಹುಡುಗಿ ಸರಕಾರಿ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದಾಳೆನ್ನಿ. ಲೆಕ್ಕದಲ್ಲಿ ಚುರುಕು. ಅವಳು ಜಾಣೆಯೆಂದು ತೀರ್ಮಾನಿಸುವವರು ಯಾರು?

ಪರೀಕ್ಷೆಗಳೇನೋ ಇವೆ. 2008ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನದ (ಎನ್.ಎಂ.ಎಂ.ಎಸ್.) ಪರೀಕ್ಷೆಯನ್ನು ಸರಕಾರಿ, ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳು ಬರೆಯುತ್ತಾರೆ. ಬುದ್ಧಿಶಕ್ತಿಯದು 90 ಪ್ರಶ್ನೆ, ಪಾಠದ್ದು 90. ಗೆದ್ದ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ನೇಕಾರನ ಮನೆಯಲ್ಲಿ ಇದು ಸಣ್ಣ ಹಣವಲ್ಲ. ಹುಡುಗಿ ಓದು ಮುಂದುವರಿಸುವುದೋ ಮಿಲ್ಲಿಗೆ ಹೋಗುವುದೋ ಎಂಬ ಮಾತು ಅದರಿಂದಲೇ ಇತ್ಯರ್ಥವಾಗಬಹುದು. ತಮಿಳುನಾಡು ಸರಕಾರದ್ದೇ ಇನ್ನೊಂದು ಪರೀಕ್ಷೆ ಹಳ್ಳಿಗಾಡಿನ ಒಂಬತ್ತನೆಯ ತರಗತಿಯವರಿಗೆ. ಜಿಲ್ಲೆಗೆ 50 ಹುಡುಗರು, 50 ಹುಡುಗಿಯರು. ನವೋದಯದ ಬಾಗಿಲು ಮಾತ್ರ ಅವಳಿಗಿಲ್ಲ. ಮೂರು ಭಾಷೆಗಳ ಸೂತ್ರವನ್ನು ಒಪ್ಪದ ತಮಿಳುನಾಡಿನಲ್ಲಿ ನವೋದಯ ಶಾಲೆಯೇ ತೆರೆದಿಲ್ಲ. ನಮ್ಮ ಮಕ್ಕಳಿಗೆ ಪೆರಿಯದಲ್ಲಿ ಅದಿದೆ.

ಆದರೆ ಪರೀಕ್ಷೆಯ ಕೋಣೆಗೆ ಮುಂಚೆಯೇ ಮೂರು ಬಾಗಿಲು ದಾಟಬೇಕು. ಏಳನೆಯ ತರಗತಿಯಲ್ಲಿ ಶೇಕಡಾ 55 ಅಂಕ ಬಂದಿರಬೇಕು (ಪರಿಶಿಷ್ಟರಿಗೆ 50). ಮನೆಯ ಆದಾಯ ಮೂರೂವರೆ ಲಕ್ಷ ಮೀರಬಾರದು, ಅದಕ್ಕೆ ಕಾಗದವಿರಬೇಕು. ಇವೆರಡಕ್ಕೂ ಮಿಗಿಲಾದದ್ದು, ಯಾವ ನಿಯಮದಲ್ಲೂ ಬರೆಯದ ಮೂರನೆಯದು: "ನೀನು ಬರಿ" ಎಂದು ಮಾಸ್ತರರು ಹೇಳಬೇಕು. ಅರ್ಜಿ ಹೋಗುವುದು ಶಾಲೆಯ ಮೂಲಕ.

ಈ ಮೂರನೆಯ ಬಾಗಿಲಲ್ಲೇ ನಮ್ಮ ಚಿಂತೆ. ಎಂಟನೆಯ ತರಗತಿಗೆ ಬರುವಾಗ ಆ ಹುಡುಗಿ ತಮಿಳನ್ನು ಯಾರಿಗೂ ಕಡಮೆಯಿಲ್ಲದಂತೆ ಆಡುತ್ತಾಳೆ, ನಿಜ. ಆದರೆ ಒಂದನೆಯ ತರಗತಿಯಲ್ಲಿ ಶಬ್ದಕ್ಕಾಗಿ ತಡವರಿಸಿ ಸುಮ್ಮನೆ ಕುಳಿತ ದಿನಗಳಿದ್ದವು. "ಮಂದ" ಎಂಬ ಹೆಸರು ಅಂದೇ ಬಿದ್ದಿತೆಂದರೆ ಅದು ತರಗತಿಯಿಂದ ತರಗತಿಗೆ ಅವಳ ಜೊತೆಗೇ ಪಾಸಾಗುತ್ತ ಬರುತ್ತದೆ. ಮಾಸ್ತರರಲ್ಲಿ ಕೆಟ್ಟ ಮನಸ್ಸಿದೆಯೆಂದು ನಾವು ಹೇಳುತ್ತಿಲ್ಲ. ಕೈಯೆತ್ತಿ ಉತ್ತರ ಹೇಳುವ ಮಗು ಕಣ್ಣಿಗೆ ಬೀಳುತ್ತದೆ, ಅಷ್ಟೆ. (1905ರಲ್ಲಿ ಪ್ಯಾರಿಸಿನಲ್ಲಿ ಬಿನೆ ಎಂಬವರು ಮೊದಲ ಬುದ್ಧಿಪರೀಕ್ಷೆ ಮಾಡಿದ್ದು ಜಾಣರನ್ನು ಆರಿಸಲಿಕ್ಕಲ್ಲ, ಹೆಚ್ಚಿನ ಸಹಾಯ ಬೇಕಾದ ಮಕ್ಕಳನ್ನು ಗುರುತಿಸಲಿಕ್ಕೆ. ಅದು ತಲೆಕೆಳಗಾದ ಕತೆ ಬೇರೆಯೇ.)

ಇದು ಬರಿಯ ಅನುಮಾನವಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಬ್ರೋವರ್ಡ್ ಎಂಬ ದೊಡ್ಡ ಶಾಲಾ ಜಿಲ್ಲೆಯಿದೆ. ಅಲ್ಲಿ ಪ್ರತಿಭಾವಂತರ ವಿಶೇಷ ತರಗತಿಗೆ ಅಧ್ಯಾಪಕರೋ ತಂದೆತಾಯಿಗಳೋ ಹೆಸರು ಸೂಚಿಸುವುದು ಪದ್ಧತಿಯಾಗಿತ್ತು. 2005ರಿಂದ ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ, ಯಾರೂ ಸೂಚಿಸಬೇಕಾಗಿಲ್ಲದೆ, ಮಾತಿನ ಹಂಗಿಲ್ಲದ ಚಿತ್ರಗಳ ಪರೀಕ್ಷೆಯೊಂದನ್ನು ಕೊಟ್ಟರು. ಅರ್ಹತೆಯ ಮಟ್ಟವನ್ನು ಇಳಿಸಲಿಲ್ಲ. ಆದರೂ ಬಡವರ, ಕರಿಯರ, ಸ್ಪ್ಯಾನಿಷ್ ಮೂಲದವರ ಮಕ್ಕಳು ಮೊದಲಿಗಿಂತ ಎಷ್ಟೋ ಹೆಚ್ಚಾಗಿ ಆಯ್ಕೆಯಾದರು. ಕಾರ್ಡ್ ಮತ್ತು ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಇದನ್ನು ಪ್ರಕಟಿಸಿದರು. ಮುಂದೆ ಹಣದ ಮುಗ್ಗಟ್ಟಿನಿಂದ ಆ ಪರೀಕ್ಷೆ ನಿಂತಿತು. ಹಳೆಯ ಅಂತರವೂ ಹಿಂದಿರುಗಿತು. ಆ ಮಕ್ಕಳು ಎಂದಿನಿಂದಲೂ ಅದೇ ಬೆಂಚುಗಳಲ್ಲಿ ಕುಳಿತಿದ್ದರು, ನೋಡಿದವರಿರಲಿಲ್ಲ.

ಕಾಸರಗೋಡಿನವರಾದ ನಮಗೆ ಕಿಣತ್ತುಕಡವಿನವರಿಗಿಲ್ಲದ ಒಂದು ಬಲವಿದೆ: ಕನ್ನಡ ಮಾಧ್ಯಮದ ಶಾಲೆಗಳು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳಿದ್ದೂ 1956ರಲ್ಲೇ. ಆದರೆ ಮಾಧ್ಯಮ ಕನ್ನಡವಾದ ಮಾತ್ರಕ್ಕೆ ಮೂರನೆಯ ಬಾಗಿಲು ತಾನಾಗಿ ತೆರೆಯುವುದಿಲ್ಲ. ನಮ್ಮಲ್ಲೂ "ಅವನಿಗೆ ಆಗಲಿಕ್ಕಿಲ್ಲ" ಎಂಬ ಒಂದು ಮಾತಿಗೆ ತಂದೆತಾಯಿಗಳು ತಲೆಯಾಡಿಸಿ ಬರುವುದುಂಟು.

ಆದುದರಿಂದ ಎಂಟನೆಯ ತರಗತಿಯ ಮಕ್ಕಳಿರುವ ಮನೆಯವರಲ್ಲಿ ನಮ್ಮದೊಂದು ವಿನಂತಿ. ಈ ವಾರವೇ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಾಣಿರಿ. ಅರ್ಹತೆಯ ಅಂಕವಿರುವ ಎಲ್ಲ ಮಕ್ಕಳ ಅರ್ಜಿಯೂ ಹೋಗುವುದೇ, ಆರಿಸಿದ ಕೆಲವರದು ಮಾತ್ರವೇ ಎಂದು ಕೇಳಿರಿ. ಬರುವ ದಾರಿಯಲ್ಲಿ ವಿಲ್ಲೇಜ್ ಆಫೀಸಿಗೂ ಹೋಗಿ ಆದಾಯದ ಸರ್ಟಿಫಿಕೇಟಿಗೆ ಕೊಟ್ಟು ಬನ್ನಿರಿ. ಕೊನೆಯ ತಾರೀಕಿನ ಹಿಂದಿನ ದಿನ ಅಲ್ಲಿ ಸಾಲು ಉದ್ದವಿರುತ್ತದೆ.