ಒಂದೇ ಉಸಿರು, ಹಲವು ಸ್ವರ

ಸ್ಯಾಕ್ಸೋಫೋನ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಬರುತ್ತೆ ಅಂದುಕೊಂಡಿದ್ದೀರಾ? ಹಾಗಾದರೆ ರಷ್ಯಾದ ಎಡಿಸನ್ ಡೆನಿಸೊವ್ ಅವರ ಸೊನಾಟಾ ಕೇಳಿ. 1970ರಲ್ಲಿ ಆಲ್ಟೊ ಸ್ಯಾಕ್ಸೋಫೋನ್ ಮತ್ತು ಪಿಯಾನೊಗಾಗಿ ಬರೆದ ಕೃತಿ. ಅರ್ಪಣೆ, ಫ್ರಾನ್ಸಿನ ವಾದಕ ಜಾನ್ ಮರಿ ಲೊಂಡೆಕ್ಸ್ ಅವರಿಗೆ.

ಎರಡನೇ ಭಾಗ ನಿಧಾನ. ಪಿಯಾನೊ ಬಹುಪಾಲು ಸುಮ್ಮನಿರುತ್ತೆ. ವಾದಕರು ಬೆರಳುಗಳನ್ನು ಮಾಮೂಲಿಯಲ್ಲದ ರೀತಿಯಲ್ಲಿ ಇಟ್ಟು, ತುಟಿಯ ಬಿಗಿ, ಉಸಿರಿನ ಒತ್ತಡ ಎರಡನ್ನೂ ಹದ ಮಾಡುತ್ತಾರೆ. ಕೊಳವೆಯೊಳಗಿನ ಗಾಳಿ ಒಂದೇ ಹೊತ್ತಿಗೆ ಹಲವು ಬಗೆಯಲ್ಲಿ ಕಂಪಿಸುತ್ತೆ. ಎರಡು, ಮೂರು ಸ್ವರ ಒಟ್ಟಿಗೇ! ಇದಕ್ಕೆ ಮಲ್ಟಿಫೋನಿಕ್ಸ್ ಅಂತಾರೆ. ತುಟಿ ಕೊಂಚ ಸಡಿಲಾದರೂ ಎಲ್ಲ ಚೆದುರಿಹೋಗುತ್ತೆ. ಮೊದಲ ಸಲ ಒಡಕು ದನಿ ಅನ್ನಿಸಬಹುದು. ನನಗಂತೂ ಇಡೀ ಕೃತಿಯ ಜೀವ ಇರೋದೇ ಅಲ್ಲಿ.

ಮೂರನೇ ಭಾಗಕ್ಕೆ ಪಿಯಾನೊ ಮರಳುತ್ತೆ, ಜಾಝ್‌ನ ಓಟ ಹಿಡಿದು. ಹೆಡ್‌ಫೋನ್ ಹಾಕಿಕೊಂಡೇ ಕೇಳಿ.