ಕೀಲಿಗೆ ಕೀಲೆಣ್ಣೆ ದೊರಕೀತೆ?

ಕನ್ನಡದಲ್ಲಿ 'ಕೀಲು' ಎಂಬ ಮಾತು ಬಂಡಿಗೂ ಸಲ್ಲುತ್ತದೆ, ದೇಹಕ್ಕೂ ಸಲ್ಲುತ್ತದೆ. ರೋಣದ ಸೀಮೆಯ ಮೆಣಸಗಿಯಲ್ಲಿ ಹೊಲಕ್ಕೆ ಹೊರಟ ಬಂಡಿ ಕಿರುಗುಟ್ಟಿದರೆ ಅಚ್ಚಿಗೆ ಕೀಲೆಣ್ಣೆ ಹಾಕಿದರಾಯಿತು. ಆದರೆ ಅದೇ ಹೊಲದಲ್ಲಿ ವರ್ಷಗಟ್ಟಲೆ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆದ ತಾಯಿಯ ಮೊಣಕಾಲು ನೊಂದರೆ? ಪಟ್ಟಣದಲ್ಲಿರುವ ಮಗ ಗ್ಲುಕೋಸಮೈನ್ ಗುಳಿಗೆಗಳ ಡಬ್ಬಿಯನ್ನು ಕೊಂಡೊಯ್ಯುತ್ತಾನೆ. ತಿಂಗಳು ತಿಂಗಳೂ ಬೀಳುವ ಈ ವೆಚ್ಚಕ್ಕೆ ಫಲವುಂಟೆ?

ದೇಹದ ಕೀಲೆಣ್ಣೆಯನ್ನು ಪ್ರಕೃತಿಯೇ ಒದಗಿಸಿದೆ. ಕೀಲುಗಳ ಈ ಸ್ನಿಗ್ಧತೆಯನ್ನು ಆಯುರ್ವೇದವು ಶ್ಲೇಷಕ ಕಫವೆಂದು ಕರೆಯಿತು. ಇಂದಿನ ವೈದ್ಯರು ಸೈನೋವಿಯಲ್ ದ್ರವವೆನ್ನುತ್ತಾರೆ. ಆರೋಗ್ಯವಂತರ ಮೊಣಕಾಲಿನಲ್ಲಿ ಅದು ಒಂದು ಟೀ ಚಮಚೆಯಷ್ಟೂ ಇರದು. ಅದರ ಜಿಗುಟಿಗೆ ಕಾರಣವಾದ ಹೈಅಲುರಾನಿಕ್ ಆಮ್ಲವನ್ನು 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬುವರು ದನದ ಕಣ್ಣಿನಿಂದ ಬೇರ್ಪಡಿಸಿದರು. ಆ ಆಮ್ಲದ ಉದ್ದನೆಯ ಸರಪಳಿಯಲ್ಲಿ ಗ್ಲುಕೋಸಮೈನಿನದೇ ಒಂದು ರೂಪವು ಕೊಂಡಿಯಾಗಿರುತ್ತದೆ. ಕೊಂಡಿಯನ್ನು ನುಂಗಿದರೆ ಸರಪಳಿ ಬೆಳೆಯಲಾರದೆ ಎಂಬ ಆಸೆ ಹುಟ್ಟಿದ್ದು ಇಲ್ಲಿಂದಲೇ.

ಆದರೆ ಬಾಯಿ ಬಂಡಿಯ ಅಚ್ಚಲ್ಲ. ನುಂಗಿದ ಗುಳಿಗೆ ಕರುಳನ್ನೂ ಯಕೃತ್ತನ್ನೂ ದಾಟಿ, ರಕ್ತದಲ್ಲಿ ಬೆರೆತು, ಬಳಿಕವಷ್ಟೇ ಕೀಲನ್ನು ಸೇರಬೇಕು. ಎಷ್ಟು ಸೇರಿತೆಂಬುದನ್ನು ಊಹೆಯಿಂದ ಹೇಳಲಾಗದು. ಸೂಜಿಯಿಂದ ದ್ರವವನ್ನು ತೆಗೆದು ಅಳೆಯಬೇಕು. ಕುದುರೆಗಳಲ್ಲಿ ಹೀಗೆ ಅಳೆದ ಫಲಿತಾಂಶವೊಂದು 2005ರಲ್ಲಿ ಪ್ರಕಟವಾಯಿತು. ಬಾಯಿಯ ಮೂಲಕ ಕೊಟ್ಟ ಗ್ಲುಕೋಸಮೈನ್ ಕೀಲಿನ ದ್ರವದಲ್ಲಿ ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಮನ್ನೂ ಮುಟ್ಟಿರಲಿಲ್ಲ. ಪ್ರಯೋಗಶಾಲೆಯ ಗಾಜಿನ ಬಟ್ಟಲಿನಲ್ಲಿ ಗುಣ ತೋರಿದ ಪ್ರಮಾಣಗಳು ಸಾಮಾನ್ಯವಾಗಿ ಇದಕ್ಕಿಂತ ಬಹುಪಾಲು ಹೆಚ್ಚಿನವು.

ತಲುಪುವುದು ಬೇರೆ, ನೋವು ತಗ್ಗುವುದು ಬೇರೆ. ಅಮೆರಿಕದಲ್ಲಿ ಮೊಣಕಾಲು ಸವೆತದ 1,583 ರೋಗಿಗಳನ್ನು ಐದು ಗುಂಪು ಮಾಡಿ 24 ವಾರ ಪರೀಕ್ಷಿಸಿದ ವರದಿ 2006ರಲ್ಲಿ ಹೊರಬಂದಿತು. ಔಷಧವಿಲ್ಲದ ಹುಸಿಗುಳಿಗೆ ನುಂಗಿದವರಲ್ಲೇ ಶೇಕಡ 60 ಮಂದಿಗೆ ನೋವು ತಕ್ಕಮಟ್ಟಿಗೆ ಇಳಿದಿತ್ತು! ಗ್ಲುಕೋಸಮೈನ್ ಪಡೆದವರಲ್ಲಿ ಈ ಪ್ರಮಾಣ ಶೇಕಡ 64; ಅದು ಗಣನೀಯ ಅಂತರವೆನಿಸಲಿಲ್ಲ. ಹೆಚ್ಚು ನೋವಿದ್ದ ಸಣ್ಣ ಗುಂಪೊಂದರಲ್ಲಿ ಮಾತ್ರ ಗ್ಲುಕೋಸಮೈನನ್ನೂ ಕಾಂಡ್ರಾಯ್ಟಿನನ್ನೂ ಕೂಡಿಸಿ ಕೊಟ್ಟಾಗ ಹೆಚ್ಚಿನ ಉಪಶಮನ ಕಂಡಿತು. ಆದರೆ ಅಷ್ಟರಿಂದಲೇ ಎಲ್ಲರಿಗೂ ಅದನ್ನು ವಿಧಿಸಲಾಗದು.

ನೆರೆಯವರೊಬ್ಬರು "ನನಗೆ ಗುಣವಾಯಿತು" ಎಂದರೆ ಅವರು ಸುಳ್ಳಾಡುತ್ತಿಲ್ಲ. ಆದರೆ ಗುಣ ಗುಳಿಗೆಯದೋ, ನಂಬಿಕೆಯದೋ, ತಾನಾಗಿ ಏರಿಳಿಯುವ ನೋವಿನ ಸ್ವಭಾವದ್ದೋ ಎಂಬುದನ್ನು ಒಬ್ಬರ ಅನುಭವ ತಿಳಿಸಲಾರದು.

ಗೃಹಿಣಿಯರು ಅರಿಯಬೇಕಾದ ಮತ್ತೊಂದು ಸಂಗತಿಯುಂಟು. ಗ್ಲುಕೋಸಮೈನನ್ನು ಹೆಚ್ಚಾಗಿ ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುತ್ತಾರೆ. ಸಸ್ಯಾಹಾರಿಗಳು ಡಬ್ಬಿಯ ಮೇಲಿನ ಬರಹವನ್ನು ಓದಿಯೇ ಕೊಳ್ಳುವುದು ಲೇಸು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವ ಹಿರಿಯರಂತೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಹಾಗಾದರೆ ತಾಯಿಗೆ ಏನು ಮಾಡೋಣ? ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಮೈಭಾರ ಹೆಚ್ಚಿದ್ದರೆ ಅದನ್ನು ಇಳಿಸುವುದು, ಕುಕ್ಕರಗಾಲಿನ ಬದಲು ಮಣೆಗಿಂತ ಎತ್ತರದ ಆಸನ, ಇವು ಬಹುಮಟ್ಟಿಗೆ ನೆರವಾಗುತ್ತವೆ. ಇವುಗಳಿಗೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಜೊತೆಗಿದ್ದು ನಾಲ್ಕು ಹೆಜ್ಜೆ ನಡೆಸುವ ಮಕ್ಕಳ ಬಿಡುವು. ಡಬ್ಬಿಯನ್ನು ಅಂಚೆಯಲ್ಲಿ ಕಳುಹಿಸಬಹುದು, ಅದನ್ನು ಕಳುಹಿಸಲಾಗದು.